ಗುಡ್ಡದ ಇಳಿಜಾರಿನಲ್ಲಿ ಪಾಯ: ಭಾರಕ್ಕಿಂತ ಮೊದಲು ನೀರಿನ ಲೆಕ್ಕ

ಕಡಿದಾದ ಗುಡ್ಡದ ಜಾಗದಲ್ಲಿ ಸಣ್ಣ ಕ್ಯಾಬಿನ್‌ಗಳಿಗೆ ಪಾಯ ಹಾಕಿಸುವುದು ನನ್ನ ಕೆಲಸ. ಜಾಗ ತೋರಿಸಲು ಕರೆದವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಇಷ್ಟು ಇಳಿಜಾರು ಮನೆಯ ಭಾರ ತಡೆಯುತ್ತಾ?" ಗಟ್ಟಿ ನೆಲ ಸಿಕ್ಕರೆ ಮರದ ಕ್ಯಾಬಿನ್ ಒಂದರ ಭಾರ ದೊಡ್ಡ ವಿಷಯವೇ ಅಲ್ಲ. ನನಗೆ ಚಿಂತೆ ಹತ್ತುವುದು ನೀರಿನದು. ನೀರು ಕುಡಿದ ಮಣ್ಣಿನ ತೂಕವೂ ಜಾಸ್ತಿ, ಹಿಡಿತವೂ ಕಮ್ಮಿ. ಅದು ಕೆಳಗೆ ಜಾರಲು ಶುರು ಮಾಡಿದರೆ ಮೇಲಿರುವ ಪಾಯ ಎಷ್ಟು ಗಟ್ಟಿ ಇದ್ದರೂ ಜೊತೆಗೇ ಹೋಗುತ್ತದೆ.

ಹಾಗಾಗಿ ಜಾಗವನ್ನು ಮಳೆ ಬಂದು ನಿಂತ ಮೇಲೆ ಒಮ್ಮೆಯಾದರೂ ನೋಡಲೇಬೇಕು ಎನ್ನುತ್ತೇನೆ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಒರತೆ ಏಳುತ್ತದೆ ಅನ್ನುವುದು ಆಗಲೇ ಕಾಣುವುದು. ಒಣ ಕಾಲದಲ್ಲಿ ಸುತ್ತ ಹುಲ್ಲು ಒಣಗಿದ್ದು ಒಂದೇ ಕಡೆ ಹಸಿರಾಗಿದ್ದರೆ, ಅಲ್ಲಿ ಕೆಳಗೆ ನೀರಿದೆ ಅಂತಲೇ ಹಿಡಿಯುತ್ತೇನೆ. ಮರಗಳ ಬುಡವನ್ನೂ ನೋಡುತ್ತೇನೆ. ಒಂದು ಮರ ಬಾಗಿದ್ದರೆ ಅದಕ್ಕೆ ಬೇರೆ ಕಾರಣ ಇರಬಹುದು. ಇಡೀ ಇಳಿಜಾರಿನ ಮರಗಳು ಬುಡದಲ್ಲಿ ಕೆಳಕ್ಕೆ ಬಾಗಿ ಆಮೇಲೆ ನೆಟ್ಟಗಾಗಿದ್ದರೆ, ಮೇಲ್ಮಣ್ಣು ನಿಧಾನಕ್ಕೆ ಸರಿಯುತ್ತಿರುವ ಅನುಮಾನ ಬರುತ್ತದೆ. ಮೇಲ್ಭಾಗದಲ್ಲಿ ಬಿಲ್ಲಿನ ಆಕಾರದ ಬಿರುಕು ಕಂಡರಂತೂ ಅಲ್ಲಿಗೇ ಕೆಲಸ ನಿಲ್ಲಿಸಿ, ಮಣ್ಣು ಪರೀಕ್ಷೆ ಮಾಡುವ ಇಂಜಿನಿಯರ್ ಬರುವ ತನಕ ಗುದ್ದಲಿ ಮುಟ್ಟುವುದು ಬೇಡ ಎನ್ನುತ್ತೇನೆ.

ಇನ್ನು ಜೆಸಿಬಿ ವಿಷಯ. ಇಳಿಜಾರನ್ನು ಕಡಿದು ಸಪಾಟು ಮಾಡಿಬಿಟ್ಟರೆ ಕೆಲಸ ಸಲೀಸು ಅಂತ ಎಲ್ಲರಿಗೂ ಅನ್ನಿಸುತ್ತದೆ. ಕಣ್ಣಿಗೆ ಒಂದೇ ಸಮ ಕಾಣುವ ಆ ಜಾಗದ ಹಿಂದಿನ ಅರ್ಧ ಕಡಿದ ಗಟ್ಟಿ ನೆಲ, ಮುಂದಿನ ಅರ್ಧ ಅಲ್ಲಿಂದ ತಳ್ಳಿದ ಸಡಿಲ ಮಣ್ಣು. ಅದರ ಮೇಲೆ ಕಟ್ಟಿದರೆ ಮುಂಭಾಗ ಕುಸಿಯುತ್ತದೆ, ಹಿಂಭಾಗ ನಿಂತಲ್ಲೇ ನಿಲ್ಲುತ್ತದೆ, ನಡುವೆ ಬಿರುಕು ಬಿಡುತ್ತದೆ. ಸಾಲದ್ದಕ್ಕೆ ಹಿಂದೆ ಧರೆ ಕಡಿದು ಮೇಲಿನ ಮಣ್ಣಿನ ಆಸರೆ ತೆಗೆದಿರುತ್ತೇವೆ, ಮುಂದೆ ಇಳಿಜಾರಿನ ತಲೆಯ ಮೇಲೆ ಹೊಸ ಭಾರ ಹೇರಿರುತ್ತೇವೆ. ಕುಸಿತಕ್ಕೆ ಎರಡೂ ಕಡೆಯಿಂದ ದಾರಿ ಮಾಡಿಕೊಟ್ಟ ಹಾಗೆ. ನೆಲವನ್ನು ಇದ್ದ ಹಾಗೇ ಬಿಟ್ಟು, ಕ್ಯಾಬಿನ್ನನ್ನು ಪಿಲ್ಲರ್ ಮೇಲೆ ಎತ್ತಿ ಕೂರಿಸುವುದೇ ನನಗೆ ಇಷ್ಟ.

ಯಾರೋ ಹಿಂದೆಯೇ ಮಣ್ಣು ತುಂಬಿದ್ದರೆ? ಗುಂಡಿ ತೋಡಿ ಅದರ ಗೋಡೆ ನೋಡಬೇಕು. ತಿಳಿ ಬಣ್ಣದ ಮಣ್ಣಿನ ಕೆಳಗೆ ಕಪ್ಪಗಿನ ಒಂದು ಪಟ್ಟಿ, ಅದರಲ್ಲಿ ಕೊಳೆತ ಎಲೆ, ಹುಲ್ಲಿನ ಬೇರು ಸಿಕ್ಕರೆ ಅದೇ ಹಳೆಯ ನೆಲದ ಮುಖ. ಅದರ ಮೇಲಿರುವುದೆಲ್ಲ ಹಾಕಿದ ಮಣ್ಣು. ಫೂಟಿಂಗ್, ಅಂದರೆ ಪಿಲ್ಲರಿನ ಅಡಿಯ ಅಗಲ ಪಾದ, ಆ ಕಪ್ಪು ಪಟ್ಟಿಯನ್ನೂ ದಾಟಿ ಗಟ್ಟಿ ನೆಲಕ್ಕೆ ಇಳಿಯಬೇಕು. ಬಂಡೆ ಸಿಕ್ಕಿತು ಅಂತ ಬೇಗ ಖುಷಿ ಪಡುವುದೂ ಬೇಡ. ಮೇಲಿಂದ ಉರುಳಿ ಬಂದು ಮಣ್ಣಲ್ಲಿ ಹೂತ ಬಿಡಿ ಬಂಡೆಯೂ ಹಾರೆಗೆ ತಳದ ಬಂಡೆಯ ಹಾಗೇ ತಾಗುತ್ತದೆ. ಡ್ರಿಲ್ ಇಳಿಸಿ, ಅಡಿಯಲ್ಲಿ ಮತ್ತೆ ಮಣ್ಣು ಬರುತ್ತದೆಯೇ ಅಂತ ನೋಡಿದರೇ ಖಾತ್ರಿ. ಬಂಡೆಗೆ ಕಂಬಿ ಕೂರಿಸುವಾಗ ತೂತಿನ ಧೂಳನ್ನು ಗಾಳಿ ಹೊಡೆದು ಪೂರ್ತಿ ತೆಗೆಸುತ್ತೇನೆ. ಧೂಳು ಉಳಿದರೆ ಗ್ರೌಟ್, ಅಂದರೆ ಕಂಬಿ ಕೂರಿಸಲು ತೂತಿಗೆ ತುಂಬುವ ಗಾರೆ, ಬಂಡೆಯನ್ನು ಹಿಡಿಯುವುದಿಲ್ಲ.

ಅಳತೆಯಲ್ಲೂ ಗುಡ್ಡ ಮೋಸ ಮಾಡುತ್ತದೆ. ಟೇಪನ್ನು ನೆಲಕ್ಕೆ ಒತ್ತಿ ಹಿಡಿದು 10 ಮೀಟರ್ ಅಳೆದರೆ, 30 ಡಿಗ್ರಿ ಇಳಿಜಾರಿನಲ್ಲಿ ನಿಜವಾಗಿ ಸಿಗುವ ಅಡ್ಡ ದೂರ 8.66 ಮೀಟರ್ ಅಷ್ಟೇ. ಟೇಪ್ ಮಟ್ಟವಾಗಿ ಹಿಡಿದು, ತುದಿಯಿಂದ ತೂಗುಗುಂಡು ಇಳಿಸಿಯೇ ಗುರುತು ಹಾಕಬೇಕು. ಗುಂಡಿಗಳನ್ನು ತೀರಾ ಕೆಳಗಿನದರಿಂದ ಶುರು ಮಾಡಿಸುತ್ತೇನೆ. ಮೇಲಿನದು ಮುಗಿದ ಮೇಲೆ ಕೆಳಗೆ ಅಗೆದರೆ ಮೇಲಿನದರ ಕಾಲ ಕೆಳಗಿನ ಮಣ್ಣನ್ನೇ ತೆಗೆದಂತೆ. ನೆಲ ಎಷ್ಟೇ ಓರೆ ಇರಲಿ, ಪ್ರತಿ ಗುಂಡಿಯ ತಳ ಮಾತ್ರ ಮಟ್ಟವಾಗಿರಬೇಕು.

ಪಿಲ್ಲರ್ ಮೇಲೆ ಕಟ್ಟುವಾಗ ಮೇಲ್ಗಡೆಯವು ಗಿಡ್ಡ, ಕೆಳಗಡೆಯವು ಉದ್ದ ಆಗುವುದು ಸಹಜ. ನೋಡಿದವರಿಗೆ ಉದ್ದದವುಗಳ ಮೇಲೆ ಭಯ. ಆದರೆ ಭೂಕಂಪದಲ್ಲಿ ಮೊದಲು ಒಡೆಯುವುದು ಹೆಚ್ಚಾಗಿ ಗಿಡ್ಡವು. ದಪ್ಪ ಒಂದೇ ಇದ್ದು ಎತ್ತರ ಅರ್ಧ ಆದರೆ ಪಿಲ್ಲರಿನ ಬಿಗಿ, ಅಂದರೆ ಬಾಗದೆ ಸೆಟೆದು ನಿಲ್ಲುವ ಗುಣ, ಸುಮಾರು 8 ಪಟ್ಟು ಆಗುತ್ತದೆ. ಬಿಗಿ ಇರುವ ಕಡೆಗೇ ಅಡ್ಡ ಬಲ ಹೋಗಿ ಸೇರುತ್ತದೆ. ಇಂಜಿನಿಯರ್ ನಕ್ಷೆಯಲ್ಲಿ ಗಿಡ್ಡ ಪಿಲ್ಲರ್‌ಗೆ ರಿಂಗುಗಳನ್ನು (ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಕಂಬಿಯ ಬಳೆ) ಹತ್ತಿರ ಹತ್ತಿರ ಕಟ್ಟಲು ಬರೆದಿದ್ದರೆ, ಉದ್ದದವುಗಳಿಗೆ ಅಡ್ಡ ಬೀಮ್, ಕ್ರಾಸ್ ಪಟ್ಟಿ ತೋರಿಸಿದ್ದರೆ ಕಾರಣ ಇದೇ. "ಗಿಡ್ಡದಕ್ಕೆ ಯಾಕೆ ಇಷ್ಟೊಂದು ಕಂಬಿ?" ಅಂತ ಮೇಸ್ತ್ರಿ ಕೇಳಿದಾಗ ಕೂರಿಸಿಕೊಂಡು ವಿವರಿಸುತ್ತೇನೆ. ಕಾರಣ ಗೊತ್ತಿದ್ದವರು ಕೆಲಸವನ್ನು ಹಗುರ ಮಾಡುವುದಿಲ್ಲ.

ಕಾಂಕ್ರೀಟ್ ಬಗ್ಗೆ ಒಂದೇ ಮಾತು: ಕೆಳಗೆ ಸಲೀಸಾಗಿ ಇಳಿಯಲಿ ಅಂತ ನೀರು ಸೇರಿಸಲು ಬಿಡಬೇಡಿ. ಬಕೆಟ್‌ನಲ್ಲಿ ಹೊರಿಸಿದರೂ ಪರವಾಗಿಲ್ಲ.

ಮತ್ತೆ ನೀರಿಗೇ ಬರುತ್ತೇನೆ. 2 ಮೀಟರ್ ಎತ್ತರದ ತಡೆಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ನೀರೊಂದೇ ಸುಮಾರು 2 ಟನ್ ಬಲದಿಂದ ತಳ್ಳುತ್ತದೆ. 3 ಮೀಟರ್ ಆದರೆ ಅದು ಸುಮಾರು 4.5 ಟನ್. ಮಣ್ಣಿನ ಒತ್ತಡ ಬೇರೆ. ಅದಕ್ಕೇ ಗೋಡೆಯ ಹಿಂದೆ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋ ಬಟ್ಟೆ, ತಳದಲ್ಲಿ ತೂತಿನ ಪೈಪು, ಗೋಡೆಯಲ್ಲಿ ನೀರು ಬಸಿಯುವ ಕಿಂಡಿಗಳು. ಬಟ್ಟೆಯ ಖರ್ಚು ಉಳಿಸಲು ಹೋದರೆ ಮಣ್ಣು ಸೇರಿ ಜಲ್ಲಿ ಕಟ್ಟಿಕೊಳ್ಳುತ್ತದೆ, ಕಿಂಡಿಗಳು ಸುಮ್ನೆ ಅಲಂಕಾರಕ್ಕೆ ಇದ್ದ ಹಾಗೆ. ಮಣ್ಣು ಮುಚ್ಚಿದ ಮೇಲೆ ಇದು ಯಾರಿಗೂ ಕಾಣದು. ನಾನೇ ನಿಂತು ನೋಡದೆ ಮುಚ್ಚಲು ಬಿಡುವುದಿಲ್ಲ.

ಚಾವಣಿಯ ನೀರನ್ನು ಮಾತ್ರ ಬಹಳ ಜನ ಮರೆಯುತ್ತಾರೆ. 50 ಚದರ ಮೀಟರ್ ಚಾವಣಿಯ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ 5,000 ಲೀಟರ್, ಅಂದರೆ 5 ಟನ್ ನೀರು. ಅದನ್ನು ಪಿಲ್ಲರ್ ಬುಡಕ್ಕೇ ಬಿಡುವುದಾ? ಪೈಪಿನಲ್ಲಿ ದೂರ ಒಯ್ದು, ನೆಲ ಕೊರೆಯದಂತೆ ಕಲ್ಲು ಹಾಸಿದ ಕಡೆ ಬಿಡಬೇಕು. ಕ್ಯಾಬಿನ್‌ನ ಮೇಲ್ಗಡೆ ಇಳಿಜಾರಿಗೆ ಅಡ್ಡಲಾಗಿ ಚರಂಡಿ ತೋಡಿ ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಬೇಕು.

ಕೆಲಸ ಒಪ್ಪಿಸುವ ದಿನ ಮಾಲೀಕರನ್ನು ಆ ಚರಂಡಿಯ ಉದ್ದಕ್ಕೂ ನಡೆಸಿ, ಎಲೆ, ಹೂಳು ಎಲ್ಲಿ ತುಂಬುತ್ತದೆ ಅಂತ ತೋರಿಸುತ್ತೇನೆ. ಜೋರು ಮಳೆಯಲ್ಲಿ ತಡೆಗೋಡೆಯ ಕಿಂಡಿಗಳನ್ನು ಹೋಗಿ ನೋಡಿ ಎಂದೂ ಹೇಳುತ್ತೇನೆ. ತಿಳಿ ನೀರು ಬರುತ್ತಿದ್ದರೆ ಸರಿ. ದಿನಗಟ್ಟಲೆ ಮಳೆ ಹೊಯ್ದರೂ ಒಂದು ಹನಿ ಬರದಿದ್ದರೆ ಎಲ್ಲೋ ಕಟ್ಟಿಕೊಂಡಿರಬಹುದು. ಕೆಸರು ನೀರು ಬರುತ್ತಿದ್ದರೆ ಗೋಡೆಯ ಹಿಂದಿನ ಮಣ್ಣು ತೊಳೆದು ಹೋಗುತ್ತಿದೆ ಅಂತ ಅರ್ಥ, ಆಗ ಮಳೆ ನಿಲ್ಲುವ ತನಕ ಕಾಯದೆ ಫೋನ್ ಮಾಡಿ ಎನ್ನುತ್ತೇನೆ.