ನಾನು ಅಳಿಸಿಹಾಕಿದ ಸರ್ಕಾರಿ ಜಾಗ

ಪಾರ್ಸೆಲ್ ಮ್ಯಾಪಿಂಗ್, ಅಂದರೆ ಯಾರ ಜಮೀನು ಎಲ್ಲಿಂದ ಎಲ್ಲಿವರೆಗೆ ಅಂತ ಕಂಪ್ಯೂಟರ್ ನಕ್ಷೆಯಲ್ಲಿ ಗೆರೆ ಎಳೆಯುವ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯ್ತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಹಿಂಡುವ ಡೆಲಿವರಿ ಒಂದಿದೆ. ಅಮೆರಿಕದ ಕೊಲೊರಾಡೊದ ಲೇಕ್ ಕೌಂಟಿಯದ್ದು.

ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಇದು ಸಣ್ಣದು. 2020ರ ಜನಗಣತಿಯಲ್ಲಿ 7,436 ಜನ. ಮುಖ್ಯ ಊರು ಲೆಡ್‌ವಿಲ್, 10,000 ಅಡಿಗೂ ಎತ್ತರದಲ್ಲಿದೆ. ಜನ ಕಡಿಮೆ, ಒಂದು ವಾರದಲ್ಲಿ ಮುಗಿಯುತ್ತೆ ಅಂತ ಎಸ್ಟಿಮೇಟ್ ಕೊಟ್ಟವಳು ನಾನೇ.

ಫೈಲ್ ತೆರೆದರೆ ಊರಿನ ಪೂರ್ವದ ಗುಡ್ಡಗಳ ಮೇಲೆಲ್ಲ ಉದ್ದುದ್ದ ಪಟ್ಟಿಗಳು. ಒಂದರ ಮೇಲೊಂದು, ಸೌದೆ ಚೆಲ್ಲಿದ ಹಾಗೆ. ಗೆರೆಗಳು ಒಂದಕ್ಕೊಂದು ಸರಿಯಾಗಿ ಕೂತಿವೆಯಾ ಅಂತ ನೋಡುವ ಟೋಪಾಲಜಿ ಚೆಕ್ ಓಡಿಸಿದೆ. ಓವರ್‌ಲ್ಯಾಪ್, ಗ್ಯಾಪ್ ಸೇರಿ ಸಾವಿರಕ್ಕೂ ಜಾಸ್ತಿ ಎರರ್.

ಟೀಮಿಗೆ ಹೊಸದಾಗಿ ಬಂದಿದ್ದ ಹುಡುಗ ಪಕ್ಕದಲ್ಲೇ ಇದ್ದ. ಕೆಜಿಎಫ್‌ನವನು, ತಾತ ಗಣಿಯಲ್ಲಿ ಇಳಿಯುತ್ತಿದ್ದವರು. "ಮೇಡಂ, ಇವು ಮನೆ ಸೈಟ್ ತರ ಕಾಣ್ತಿಲ್ಲ. ಅದಿರು ಹೋದ ಕಡೆ ಹೋದ ಹಾಗಿದೆ" ಅಂದ. "ಅದೆಲ್ಲ ನಮಗ್ಯಾಕಪ್ಪ? ಗುರುವಾರ ಕೌಂಟ್ ಸೊನ್ನೆ ಇರಬೇಕು" ಅಂದೆ. ಅವನು ಮತ್ತೆ ಬಾಯಿ ಬಿಡಲಿಲ್ಲ.

ಆಟೋ ಫಿಕ್ಸ್ ಒತ್ತಿದೆ. ಓವರ್‌ಲ್ಯಾಪ್‌ಗಳು ಕತ್ತರಿಸಿಹೋದವು. ಸ್ಲಿವರ್‌ಗಳು, ಅಂದರೆ ನಡುವೆ ಉಳಿದ ಸಣ್ಣ ಚೂರುಗಳು, ಪಕ್ಕದ ದೊಡ್ಡ ಪಾರ್ಸೆಲ್‌ಗೆ ಸೇರಿಕೊಂಡವು. ಗುಣಮಟ್ಟದ ಚೆಕ್ (ಕ್ಯೂಸಿ) ಹಸಿರು. ಮ್ಯಾನೇಜರ್ ಇಡೀ ಫ್ಲೋರಿಗೆ ಮೆಚ್ಚುಗೆಯ ಮೇಲ್ ಹಾಕಿದರು.

ಸೋಮವಾರ ಸಂಜೆ ಏಳೂವರೆಗೆ ಕಾಲ್. ಅಲ್ಲಿ ಆಗ ಬೆಳಗ್ಗೆ ಎಂಟು. ಆ ಕಡೆ ಒಬ್ಬರು ಹಿರಿಯ ಸರ್ವೇಯರ್. ಸ್ಕ್ರೀನ್ ಮೇಲೆ ಒಂದು ಜಾಗ ಝೂಮ್ ಮಾಡಿ ಮೆಲ್ಲಗೆ ಕೇಳಿದರು: "ಇಲ್ಲಿದ್ದ ಸರ್ಕಾರಿ ಜಾಗ ಎಲ್ಲಿ ಹೋಯ್ತು?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಹಳೇ ಸರ್ವೆ ನಕ್ಷೆಯ ಸ್ಕ್ಯಾನ್ ತೆರೆದರು. ಕೈಬರಹದ ಸಾಲುಗಳ ಮೇಲೆ ಕರ್ಸರ್ ಇಟ್ಟು ಒಂದೊಂದಾಗಿ ಓದಿದರು: ಇಂಥ ನಂಬರಿನ ಸರ್ವೆಯ ಜೊತೆ ತಕರಾರಿರುವ ಇಷ್ಟು ಎಕರೆ ಬಿಟ್ಟು. ಇನ್ನೊಂದರದ್ದು ಇಷ್ಟು ಬಿಟ್ಟು. ಆ ಸ್ಕ್ಯಾನ್ ನಮ್ಮ ಇನ್‌ಪುಟ್ ಫೋಲ್ಡರ್‌ನಲ್ಲೇ ಇತ್ತು. ನಾನು ತೆರೆದೇ ಇರಲಿಲ್ಲ. ಅವರು ಓದುತ್ತಲೇ ಇದ್ದರು. ಲೈನ್‌ನಲ್ಲಿ ಬೇರೆ ಯಾರೂ ಉಸಿರೆತ್ತಲಿಲ್ಲ. ನನ್ನ ಅಂಗೈ ಬೆವೆತಿತ್ತು.

1872ರ ಗಣಿ ಕಾನೂನಿನಲ್ಲಿ ಅದಿರಿನ ಎಳೆಯ ಉದ್ದಕ್ಕೂ 1,500 ಅಡಿವರೆಗೆ ಕ್ಲೇಮ್, ಅಂದರೆ ಗಣಿ ತೋಡುವ ಹಕ್ಕು, ಹಾಕಬಹುದಿತ್ತು. ಎಳೆ ಎತ್ತ ತಿರುಗಿತೋ ಪಟ್ಟಿಯೂ ಅತ್ತಲೇ. ಒಬ್ಬರದ್ದರ ಮೇಲೆ ಇನ್ನೊಬ್ಬರದ್ದು ಬಿದ್ದರೆ ಸಾಮಾನ್ಯವಾಗಿ ಮೊದಲು ಬಂದವರಿಗೇ ಹಕ್ಕು. ಯಾರ ಕ್ಲೇಮಿಗೂ ಸೇರದೆ ನಡುವೆ ಉಳಿದ ಚೂರುಗಳಲ್ಲಿ ಹಲವು ಇವತ್ತಿಗೂ ಫೆಡರಲ್ ಸರ್ಕಾರದ ಜಮೀನು. ನಾನು ಸ್ಲಿವರ್ ಅಂತ ಒರೆಸಿದ್ದು ಅದನ್ನೇ. ಸುಮ್ನೆ ಗೆರೆಯ ವಿಷಯವೂ ಅಲ್ಲ. ಅಲ್ಲಿನ ಕ್ಯಾಲಿಫೋರ್ನಿಯಾ ಗಲ್ಚ್ ಕಣಿವೆ, ಗಣಿ ಕಸದ ಸೀಸ, ಸತುವಿನ ದೆಸೆಯಿಂದ, 1983ರಲ್ಲಿ ಸೂಪರ್‌ಫಂಡ್‌ಗೆ, ಅಂದರೆ ವಿಷ ತುಂಬಿದ ಜಾಗಗಳನ್ನು ಶುಚಿ ಮಾಡಿಸುವ ಅಮೆರಿಕ ಸರ್ಕಾರದ ಯೋಜನೆಗೆ, ಸೇರಿದೆ. ಯಾವ ಪಟ್ಟಿ ಯಾರದ್ದು ಅನ್ನುವುದರ ಮೇಲೆ ಶುಚಿ ಮಾಡುವ ಖರ್ಚಿನ ಪ್ರಶ್ನೆಯೂ ನಿಂತಿರುತ್ತೆ.

ಅದೇ ಕಣಿವೆಯಲ್ಲಿ 1860ರಲ್ಲಿ ಚಿನ್ನ ಸಿಕ್ಕಿತ್ತು. ಚಿನ್ನ ಜಾಲಿಸುವವರಿಗೆ ತೊಟ್ಟಿಗೆ ಕಟ್ಟಿಕೊಳ್ಳುತ್ತಿದ್ದ ಭಾರದ ಕಪ್ಪು ಮರಳು ದೊಡ್ಡ ಕಾಟ. ಬಗೆದು ಆಚೆ ಎಸೆಯುತ್ತಿದ್ದರು. ಅದು ಬೆಳ್ಳಿ ಬೆರೆತ ಸೀಸದ ಅದಿರು ಅಂತ ಗೊತ್ತಾಗಿದ್ದು 1870ರ ದಶಕದಲ್ಲಿ. ಲೆಡ್‌ವಿಲ್ ಬೆಳೆದದ್ದೇ ಆ ಬೆಳ್ಳಿಯಿಂದ. ಇದನ್ನು ಓದಿದ್ದು ಡೆಲಿವರಿ ಕೆಟ್ಟ ಮೇಲೆ.

ಬ್ಯಾಕಪ್ ಇಟ್ಟಿರಲಿಲ್ಲ, ಅದೇ ಫೈಲ್ ಮೇಲೆ ಸೇವ್ ಮಾಡಿದ್ದೆ. ತಪ್ಪು ನನ್ನದು. ಆದರೆ ಒಂದು ಮಾತು ಮ್ಯಾನೇಜ್‌ಮೆಂಟಿಗೂ ಹೇಳಬೇಕು. ಡ್ಯಾಶ್‌ಬೋರ್ಡಿನಲ್ಲಿ ಎರರ್ ಕೌಂಟ್‌ಗೆ ಕಾಲಂ ಇದೆ, ನಕ್ಷೆ ಓದಿದಿರಾ ಅನ್ನುವುದಕ್ಕೆ ಇಲ್ಲ. ಮೂರು ಸಲ ಮೇಲ್ ಹಾಕಿದ್ದೇನೆ.

ಮರುದಿನ ಆ ಹುಡುಗನ ಸೀಟಿಗೆ ಹೋಗಿ ಕ್ಷಮೆ ಕೇಳಿದೆ. "ಇರಲಿ ಮೇಡಂ" ಅಂದು ಕುರ್ಚಿ ಸರಿಸಿಕೊಟ್ಟ. ಒಂಬತ್ತು ದಿನ ಅವನು ಹಳೇ ನಕ್ಷೆಯಿಂದ ಬೇರಿಂಗ್ (ಗೆರೆಯ ದಿಕ್ಕಿನ ಕೋನ) ಓದಿದ, ನಾನು ಗೆರೆ ಎಳೆದೆ. ಕೊನೆಯಲ್ಲಿ ಎಳೆದ ಸರ್ಕಾರಿ ಚೂರು ನಾಲ್ಕು ಅಡಿ ಅಗಲವಿತ್ತು.