ಆರು ಇಂಚಿನ ಹೆಜ್ಜೆ

ಅಡುಗೆಮನೆಯ ಹಳೇ ಫ್ರಿಜ್ಜನ್ನು ಗ್ಯಾರೇಜಿಗೆ ಸಾಗಿಸಬೇಕಿತ್ತು. ಶನಿವಾರ ಅಮೆರಿಕನ್ ಫುಟ್‌ಬಾಲ್ ಇದ್ದರೆ ಅಮೆರಿಕದ ಈ ಅಯೋವಾ ಸಿಟಿಯಲ್ಲಿ ಸಹಾಯಕ್ಕೆ ಯಾರೂ ಸಿಗುವುದಿಲ್ಲ. ಸಿಕ್ಕವರು ಪಕ್ಕದ ಮನೆಯ ಅಜ್ಜ. ವಯಸ್ಸು ಎಪ್ಪತ್ತು ದಾಟಿದೆ. ಕಾಲೇಜಿನಲ್ಲಿ ಅಫೆನ್ಸಿವ್ ಲೈನ್‌ನಲ್ಲಿ, ಅಂದರೆ ಚೆಂಡಿರುವ ತಂಡದ ಮುಂದೆ ಗೋಡೆಯಂತೆ ನಿಲ್ಲುವ ಐವರ ಸಾಲಿನಲ್ಲಿ, ಆಡಿದವರು, ಆಮೇಲೆ ಹೈಸ್ಕೂಲ್ ಹುಡುಗರಿಗೆ ಅದನ್ನೇ ಕಲಿಸಿದವರು.

ನಾನು ಫ್ರಿಜ್ಜನ್ನು ತಬ್ಬಿಕೊಂಡು ತಳ್ಳಲು ಹೋದೆ. "ನಿಲ್ಲು ನಿಲ್ಲು" ಅಂದರು. ಸೊಂಟ ಇಳಿಸು. ಬೆನ್ನು ನೆಟ್ಟಗಿರಲಿ. ಮೊದಲ ಹೆಜ್ಜೆ ಆರೇ ಇಂಚು. ಉದ್ದ ಹೆಜ್ಜೆ ಇಟ್ಟರೆ ಒಂದು ಕಾಲು ಗಾಳಿಯಲ್ಲಿರುತ್ತೆ, ಆಗ ಚಿಕ್ಕ ಮಗುವೂ ನಿನ್ನನ್ನು ಕೆಡವುತ್ತೆ ಅಂತ ನಮ್ಮ ಕೋಚ್ ಹೇಳುತ್ತಾರೆ ಅಂದರು. ಆ ಕೋಚ್ ತೀರಿಕೊಂಡು ಮೂವತ್ತು ವರ್ಷವಾಗಿದೆಯಂತೆ. ಆದರೂ ಇವರ ಬಾಯಲ್ಲಿ "ಹೇಳುತ್ತಿದ್ದರು" ಬರುವುದೇ ಇಲ್ಲ.

ಫ್ರಿಜ್ ಕದಲಿತು. ಆಮೇಲೆ ಟಿವಿ ಮುಂದೆ ಕೂತೆವು. "ಚೆಂಡು ನೋಡಬೇಡ, ಆ ಐವರನ್ನು ನೋಡು" ಅಂದರು. ನಡುವೆ ಸೆಂಟರ್, ಆಚೀಚೆ ಗಾರ್ಡ್‌ಗಳು, ತುದಿಗೆ ಟ್ಯಾಕಲ್‌ಗಳು. ಒಬ್ಬೊಬ್ಬರೂ 135 ಕಿಲೋ ಆಸುಪಾಸು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಬೇಕು, ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸಬೇಕು. ಟಿವಿಯವರು ಇವರ ಹೆಸರೆತ್ತುವುದು ಹೆಚ್ಚಾಗಿ ತಪ್ಪು ಮಾಡಿದಾಗಲೇ. ಮದುವೆ ಅಡುಗೆಯವರ ಹಾಗೆ, ಉಪ್ಪು ಜಾಸ್ತಿಯಾದಾಗ ಮಾತ್ರ ನೆನಪಾಗುತ್ತಾರೆ ಅಲ್ವಾ!

ಚೆಂಡು ಬಿಟ್ಟು ನೋಡುವುದು ಸುಲಭವಲ್ಲ. ಕಣ್ಣು ತಾನಾಗಿ ಅತ್ತ ಓಡುತ್ತದೆ. ಎರಡನೇ ಕ್ವಾರ್ಟರ್‌ನಲ್ಲಿ ಕೊನೆಗೂ ಕಂಡಿತು. ಐವರೂ ಒಂದೇ ಕ್ಷಣದಲ್ಲಿ, ಒಂದೇ ದಿಕ್ಕಿಗೆ, ಪುಟ್ಟ ಹೆಜ್ಜೆ ಇಟ್ಟರು. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಇಟ್ಟಿದ್ದೂ ಅದೇ ಹೆಜ್ಜೆ!

ಅಜ್ಜನಿಗೆ ಮಾತು ಹತ್ತಿತು. ಅಯೋವಾ ವಿಶ್ವವಿದ್ಯಾಲಯ ತಂಡದ ಹೆಡ್ ಕೋಚ್ ಕರ್ಕ್ ಫೆರೆಂಟ್ಸ್ ಇಲ್ಲಿಗೆ ಮೊದಲು ಬಂದಿದ್ದು 1981ರಲ್ಲಿ, ಲೈನ್ ಕೋಚ್ ಆಗಿ. ಅದಕ್ಕೂ ಮುಂಚೆ, 1980ರಲ್ಲಿ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಜೋ ಮೂರ್ ಕೈಕೆಳಗೆ ಪಳಗಿದವರು. ಫೆರೆಂಟ್ಸ್‌ಗೆ ಹೈಸ್ಕೂಲಿನಲ್ಲೂ ಮೂರ್ ಅವರೇ ಕೋಚ್. ಆ ವರ್ಷ ಪಿಟ್ಸ್‌ಬರ್ಗ್ ಲೈನ್‌ನಲ್ಲಿದ್ದ ರಸ್ ಗ್ರಿಮ್, ಜಿಂಬೋ ಕೋವರ್ಟ್ ಇಬ್ಬರೂ ಮುಂದೆ ದಿಗ್ಗಜ ಆಟಗಾರರಿಗೆ ಸಿಗುವ ಗೌರವವಾದ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದರು. ಮೂರ್ 2003ರಲ್ಲಿ ತೀರಿಕೊಂಡರು. 2015ರಿಂದ ಅವರ ಹೆಸರಲ್ಲಿ ಒಂದು ಪ್ರಶಸ್ತಿ ಇದೆ. ಅದನ್ನು ಒಬ್ಬ ಆಟಗಾರನಿಗೆ ಕೊಡುವುದಿಲ್ಲ, ಇಡೀ ಲೈನ್‌ಗೇ ಕೊಡುತ್ತಾರೆ. ನನಗೆ ಇದು ತುಂಬಾ ಹಿಡಿಸಿತು. 2016ರಲ್ಲಿ ಅದು ಬಂದಿದ್ದು ಅಯೋವಾ ಲೈನ್‌ಗೆ, ಅಂದರೆ ಅವರ ಶಿಷ್ಯನ ತಂಡಕ್ಕೆ. ಇದನ್ನು ಹೇಳುವಾಗ ಅಜ್ಜ ಟಿವಿ ಸೌಂಡ್ ಕಡಿಮೆ ಮಾಡಿದ್ದರು.

ಚಳಿಗಾಲದಲ್ಲಿ ನಮ್ಮ ಕಾರು ಹಿಮದಲ್ಲಿ ಹೂತುಕೊಂಡಿತು. ಮಗ ಹಿಂದಿನಿಂದ ಜೋರಾಗಿ ತಳ್ಳುತ್ತಿದ್ದ. "ಸೊಂಟ ಇಳಿಸೋ! ಸಣ್ಣ ಹೆಜ್ಜೆ, ಆರು ಇಂಚು!" ಅಂತ ಕೂಗಿದೆ.

"ಯಾರಪ್ಪ ಹೇಳಿದ್ದು?" ಅಂದ.

"ಕೋಚ್ ಹೇಳ್ತಾರೆ" ಅಂದೆ.

ಕಾರು ಕದಲಲಿಲ್ಲ. ಅಜ್ಜನನ್ನೇ ಕರೆಯಬೇಕಾಯಿತು.