ಎಡಬೆನ್ನಲ್ಲಿ ನಿಂತುಹೋದ ದನಿ

14 ಜುಲೈ 2025, ಸೋಮವಾರ

ನಿನ್ನೆ ರಾತ್ರಿ ಅಡ್ಮಿಟ್ ಆದ ಅಜ್ಜನ ಕೇಸ್ ಶೀಟಿನಲ್ಲಿ ‘ವೋಕಲ್ ಫ್ರೆಮಿಟಸ್: ಎರಡೂ ಕಡೆ ಸಮ’ ಎಂದು ಬರೆದಿದ್ದೆ. ರೋಗಿ ಮಾತಾಡುವಾಗ ಎದೆಗೋಡೆಯ ಮೇಲಿಟ್ಟ ಕೈಗೆ ತಟ್ಟುವ ದನಿಯ ಕಂಪನ ಅದು. ಕೈಯಿಟ್ಟು ನೋಡಿ ಬರೆದದ್ದಲ್ಲ. ಜ್ವರ, ಕೆಮ್ಮು, ಎಡಬೆನ್ನಿನ ಕೆಳಗೆ ಬೆರಳು ಬಡಿದರೆ ಮಂದ ಸದ್ದು. ನ್ಯುಮೋನಿಯಾ ಎಂದು ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಬೆಳಿಗ್ಗೆ ರೌಂಡ್ಸ್‌ನಲ್ಲಿ ಮೇಡಂ ಆ ಸಾಲು ಓದಿ ಬೈಯಲಿಲ್ಲ. “ಈಗ ನನ್ನೆದುರು ನೋಡು” ಎಂದರು, ಅಷ್ಟೆ.

ಭುಜದೆಲುಬುಗಳು ಬದಿಗೆ ಸರಿಯಲೆಂದು ಅಜ್ಜನಿಗೆ ಕೈಕಟ್ಟಿ ಕೂರಲು ಹೇಳಿದೆ. ಅಂಗೈಯ ಕಿರುಬೆರಳಿನ ಕಡೆಯ ಅಂಚನ್ನು ಬೆನ್ನಿಗಿಟ್ಟು, “ಅಜ್ಜ, ‘ಒಂದು, ಒಂದು, ಒಂದು’ ಅಂತ ಹೇಳ್ತಾ ಇರಿ. ದನಿ ಏರಿಸೋದು ಇಳಿಸೋದು ಬೇಡ” ಎಂದೆ. ಬಲಗಡೆ ಗುಂಯ್ ಎಂದು ಕೈಗೆ ಹತ್ತಿತು. ಅದೇ ಕೈ, ಅದೇ ಮಟ್ಟ, ಈಗ ಎಡಕ್ಕೆ. ಮೇಲೆಲ್ಲ ಸರಿಯಾಗೇ ಇತ್ತು. ಭುಜದೆಲುಬಿನ ತುದಿಯಿಂದ ಎರಡು ಬೆರಳು ಕೆಳಗಿಳಿದೆ, ಏನೂ ಇಲ್ಲ. ಅಜ್ಜನ ‘ಒಂದು’ ಕಿವಿಗೆ ಕೇಳುತ್ತಿದೆ, ಕೈಯಡಿ ಬರೀ ಬೆಚ್ಚಗಿನ ಚರ್ಮ. ಮೂರು ಸಲ ನೋಡಿದೆ. ಮೂರು ಸಲವೂ ಅದೇ ಗೆರೆ.

ನ್ಯುಮೋನಿಯಾದಿಂದ ಗಟ್ಟಿಯಾದ ಶ್ವಾಸಕೋಶ, ಒಳಗಿನ ಗಾಳಿನಾಳ ತೆರೆದಿರುವವರೆಗೆ, ದನಿಯನ್ನು ಎದೆಗೋಡೆಗೆ ಇನ್ನೂ ಜೋರಾಗಿ ದಾಟಿಸುತ್ತದೆ. ಹಾಗಾಗಿ ಅಲ್ಲಿ ಕಂಪನ ಹೆಚ್ಚಬೇಕಿತ್ತು. ಶ್ವಾಸಕೋಶದ ಸುತ್ತಲಿನ ಎರಡು ಪೊರೆಗಳ ನಡುವೆ ನೀರು ತುಂಬಿದರೆ ಶ್ವಾಸಕೋಶ ಗೋಡೆಯಿಂದ ದೂರ ಸರಿಯುತ್ತದೆ, ದನಿ ಅಲ್ಲೇ ತಡೆದು ಹಿಂದಿರುಗುತ್ತದೆ. ಬಡಿದರೆ ಎರಡೂ ಮಂದವೇ. ಎರಡನ್ನೂ ಬೇರ್ಪಡಿಸುವ ಆ ಒಂದು ಪರೀಕ್ಷೆಯನ್ನೇ ನಾನು ಮಾಡದೆ ಬಿಟ್ಟಿದ್ದೆ.

ಇಲ್ಲಿ ಪದಕ್ಕಿಂತ ದನಿಯ ತೂಕ ಮುಖ್ಯ. ಜರ್ಮನರು 99 ಎಂದು ಹೇಳಿಸುತ್ತಿದ್ದದ್ದು ಆ ಪದದೊಳಗಿನ ‘ನೊಯ್’ ಎಂಬ ತಗ್ಗು ದನಿ ಎದೆಯನ್ನು ಅಲುಗಿಸುತ್ತದೆಂದು. ಇಂಗ್ಲಿಷಿಗೆ ‘ನೈಂಟಿ ನೈನ್’ ಎಂದು ಸಂಖ್ಯೆ ಬಂತು, ‘ನೊಯ್’ ಬರಲಿಲ್ಲ. ಸಪೂರ ದನಿಯ ಹೆಂಗಸರಲ್ಲಿ, ಮಕ್ಕಳಲ್ಲಿ ಕಂಪನ ಸಹಜವಾಗಿಯೇ ಕಡಿಮೆ. ಎಲ್ಲರಲ್ಲೂ ಬಲ ಮೇಲ್ಭಾಗದಲ್ಲಿ ತುಸು ಹೆಚ್ಚು. ಅದಕ್ಕೇ ಒಂದು ಕಡೆ ಮುಟ್ಟಿ ಹೇಳುವ ಹಾಗಿಲ್ಲ, ಎರಡನ್ನೂ ಹೋಲಿಸಲೇಬೇಕು.

ಸ್ಕ್ಯಾನಿನಲ್ಲಿ ನೀರು ಕಂಡಿತು. ಮಧ್ಯಾಹ್ನ ಪಕ್ಕೆಲುಬಿನ ಮೇಲಂಚಿಗೆ ಸೂಜಿ ಹಾಕಿ 800 ಎಂ.ಎಲ್. ತೆಗೆದೆವು. ಒಣಹುಲ್ಲಿನ ಬಣ್ಣ. ಲ್ಯಾಬಿಗೆ ಹೋಗಿದೆ.

ಸ್ವಲ್ಪವೇ ನೀರಿದ್ದರೆ ಕೈಗೆ ಗೊತ್ತಾಗುವುದಿಲ್ಲ, ಸ್ಕ್ಯಾನಿಗೆ ಗೊತ್ತಾಗುತ್ತದೆ, ಒಪ್ಪುತ್ತೇನೆ. ನನ್ನನ್ನು ಕೊರೆಯುತ್ತಿರುವುದು ಬೇರೆ. ‘ಸಮ’ ಎಂಬ ಆ ಪದವನ್ನು ಓದಿದ ಮುಂದಿನ ಡ್ಯೂಟಿ ಡಾಕ್ಟರ್ ನೀರಿನ ಯೋಚನೆಯನ್ನೇ ಕೈಬಿಡಬಹುದಿತ್ತು. ನೋಡದೇ ಇದ್ದ ಮೇಲೆ ‘ನೋಡಿಲ್ಲ’ ಎಂದು ಬರೆಯಬೇಕಿತ್ತು. ಹಳೆಯ ಸಾಲು ಓದಲು ಬರುವಂತೆ ಒಂದೇ ಗೆರೆ ಎಳೆದು, ಕೆಳಗೆ ಸರಿಯಾದದ್ದನ್ನು ಸಮಯ ಹಾಕಿ ಬರೆದೆ.

ಸಂಜೆ ಮತ್ತೆ ಹೋದೆ. ನಾನು ಕೇಳುವ ಮೊದಲೇ ಅಜ್ಜ ಕೈಕಟ್ಟಿ ಕೂತು “ಒಂದು, ಒಂದು” ಎಂದು ಶುರುಮಾಡಿದರು. ಕಂಪನ ನಿಲ್ಲುವ ಗೆರೆ ನಾಲ್ಕು ಬೆರಳು ಕೆಳಗಿಳಿದಿತ್ತು.